ಡರ್ಬಿಯ ಹಳೇ ಕಾರು, ಕಲಬುರಗಿಯ ಕಾಕಾ

ನಮ್ಮ ಕಡೆಯಿಂದ ಇಂಗ್ಲೆಂಡಿಗೆ ನರ್ಸ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಚಳಿ ಬಗ್ಗೆ ಕೇಳುತ್ತಾರೆ. ಆಮೇಲೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ: "ಅಕ್ಕಾ, ಕಾರು ತಗೋಬೇಕು. ಯಾವುದು ತಗೊಳ್ಳಲಿ?" ಕಲಬುರಗಿ, ಸೇಡಂ, ಹುಮನಾಬಾದ್, ಶಹಾಪುರ, ಯಾವ ಊರಿನವರಾದರೂ ಅಷ್ಟೇ. ಅವರ ತಪ್ಪೇನಿಲ್ಲ. ಬೆಳಗಿನ ಶಿಫ್ಟ್ ಏಳೂವರೆಗೆ ಶುರುವಾಗುತ್ತದೆ. ಭಾನುವಾರ ಅಷ್ಟು ಬೇಗ ಬಸ್ಸು ಇರುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಮಳೆಯಲ್ಲಿ ಸ್ಟಾಪಿನಲ್ಲಿ ನಿಂತವರಿಗೆ ಕಾರಿನ ಆಸೆ ಬಾರದೆ ಇರುತ್ತದೆಯೇ?

ಆದರೆ "ಯಾವ ಕಾರು" ಅನ್ನುವುದು ಮೊದಲ ಪ್ರಶ್ನೆ ಅಲ್ಲ. ಮೊದಲು ಇನ್ಶೂರೆನ್ಸ್ ನೋಡಬೇಕು.

ನಮ್ಮಲ್ಲಿ ಇನ್ಶೂರೆನ್ಸ್ ಗಾಡಿಯದು. ಗಾಡಿಗೆ ಪಾಲಿಸಿ ಇದ್ದರೆ ಮನೆಯಲ್ಲಿ ಲೈಸೆನ್ಸ್ ಇರುವ ಯಾರಾದರೂ ಓಡಿಸುತ್ತಾರೆ. ಇಲ್ಲಿ ಅದು ಓಡಿಸುವವರ ಹೆಸರಿಗೆ ಅಂಟಿಕೊಂಡಿರುತ್ತದೆ. ಪಾಲಿಸಿಯಲ್ಲಿ ಹೆಸರಿಲ್ಲದ ಅಣ್ಣ ತಮ್ಮಂದಿರಿಗೆ ಸುಮ್ನೆ ಕೀಲಿ ಕೊಡುವ ಹಾಗಿಲ್ಲ. ಹೊಸದಾಗಿ ಬಂದವರು, ಕೈಯಲ್ಲಿ ಇಂಡಿಯಾದ ಲೈಸೆನ್ಸ್, ಇಲ್ಲಿ ಓಡಿಸಿದ ದಾಖಲೆಯೇ ಇಲ್ಲ ಅಂದರೆ ಕಂಪನಿಗಳು ಹೇಳುವ ಮೊತ್ತ ಕೇಳಿ ತಲೆ ತಿರುಗುತ್ತದೆ. ನನಗೆ ಮೊದಲು ಬಂದ ಕೋಟ್, ಅಂದರೆ ಕಂಪನಿ ಹೇಳಿದ ಮೊತ್ತ, ಕಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಇತ್ತು. ಇಲ್ಲಿ ಕಾರುಗಳನ್ನು 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪುಗಳಾಗಿ ವಿಂಗಡಿಸಿದ್ದಾರೆ. ಗುಂಪಿನ ಸಂಖ್ಯೆ ಕಡಿಮೆ ಇದ್ದಷ್ಟೂ ಕಂತು ಕಡಿಮೆ. ಅದಕ್ಕೇ ಕಾರು ಇಷ್ಟವಾದ ಕೂಡಲೇ ಅದರ ನಂಬರ್ ಹಾಕಿ ಕೋಟ್ ತೆಗೆಯಿರಿ. ನೋಡಲು ಹೋಗುವುದು ಆಮೇಲೆ. 3,000 ಪೌಂಡಿನ ಕಾರು ಅಗ್ಗ ಅಂತ ಕಂಡಿರುತ್ತದೆ. ಇನ್ಶೂರೆನ್ಸ್ ಸೇರಿಸಿದರೆ 3,500ರ ಇನ್ನೊಂದು ಕಾರೇ ಅಗ್ಗ ಅಂತ ಗೊತ್ತಾಗುತ್ತದೆ.

ನಾನು ಕಾರು ಹುಡುಕುವಾಗ ನನ್ನ ಸಲಹೆಗಾರರು ಕಲಬುರಗಿಯಲ್ಲಿದ್ದರು. ನಮ್ಮ ಕಾಕಾ. ಬಹಳ ವರ್ಷ ಕಲಬುರಗಿ–ಆಳಂದ ರೂಟಿನಲ್ಲಿ ಟ್ರ್ಯಾಕ್ಸ್ ಓಡಿಸಿದವರು. ಮನೆತನದಲ್ಲಿ ಯಾರು ಹಳೇ ಗಾಡಿ ತಗೊಂಡರೂ ಕಾಕಾ ಒಮ್ಮೆ ನೋಡಬೇಕು. ಬಜೆಟ್ ಕೇಳಿದರು. ಮೂರು ಸಾವಿರ ಪೌಂಡ್, ಅಂದರೆ ಸುಮಾರು ಮೂರೂವರೆ ಲಕ್ಷ ರೂಪಾಯಿ ಅಂದೆ.

"ಅಲ್ಲವ್ವಾ, ಅಷ್ಟ ರೊಕ್ಕದಾಗ ಇಲ್ಲೇ ಛಲೋ ಸ್ವಿಫ್ಟ್ ಬರ್ತದಲ್ಲ!"

ಬರುತ್ತದೆ ಕಾಕಾ, ಆದರೆ ಅದನ್ನು ಇಂಗ್ಲೆಂಡಿನಲ್ಲಿ ನಾನಿರುವ ಡರ್ಬಿಗೆ ತರುವುದು ಹೇಗೆ?

ಕಾಕಾನ ಪಾಠಗಳು ಇಲ್ಲೂ ನಡೆದವು. ಕಾರು ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡು, ಬಿಸಿ ಇದ್ದರೆ ಅನುಮಾನ ಪಡು ಅಂದರು. ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂದರೆ ತಣ್ಣಗಿರುವಾಗ ಬರುವ ಸದ್ದನ್ನೋ ಹೊಗೆಯನ್ನೋ ಮುಚ್ಚಿಡುತ್ತಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಕ್ಲಚ್ ನೋಡಲು ಮೂರನೇ ಗೇರಿನಲ್ಲಿ ಏರು ಹತ್ತಿಸು. ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ನಾಲ್ಕು ಟೈರೂ ಒಂದೇ ತರಹ ಸವೆದಿವೆಯಾ ನೋಡು. ಎಲ್ಲವೂ ಸರಿ.

ಕಾಕಾ ನಂಬದೇ ಹೋದದ್ದು ಉಪ್ಪಿನ ವಿಷಯ. ಚಳಿಗಾಲದಲ್ಲಿ ಮಂಜು ಕಟ್ಟಬಾರದು ಅಂತ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. "ರಸ್ತಾಕ್ಕ ಉಪ್ಪು ಹಾಕ್ತಾರ?" ಅಂತ ನಕ್ಕರು. ನಮ್ಮ ಬಿಸಿಲು 43 ಡಿಗ್ರಿ ದಾಟಿದಾಗ ಬ್ಯಾಟರಿ ಸಾಯುತ್ತದೆ, ಟೈರ್ ಬಿರಿಯುತ್ತದೆ, ಎಸಿ ಕೈಕೊಡುತ್ತದೆ. ಕಬ್ಬಿಣ ಮಾತ್ರ ಗಟ್ಟಿಯಾಗಿರುತ್ತದೆ. ಇಲ್ಲಿ ತಿರುಗುಮುರುಗು. ಮೇಲೆ ಬಣ್ಣ ಥಳಥಳ ಅನ್ನುತ್ತಿರುತ್ತದೆ, ಕೆಳಗೆ ಬ್ರೇಕ್ ಪೈಪು, ಇಂಜಿನ್ ಹೊರುವ ಸಬ್‌ಫ್ರೇಮು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿರುತ್ತವೆ. ಹಾಗಾಗಿ ಮೊಣಕಾಲೂರಿ ಬಗ್ಗಿ ಟಾರ್ಚ್ ಹಾಕಿ ಅಡಿಭಾಗ ನೋಡಲೇಬೇಕು. ನಾನು ವಿಡಿಯೋ ಕಾಲ್ ಮಾಡಿ ಫೋನನ್ನು ಕಾರಿನ ಕೆಳಗೆ ತೂರಿಸಿದೆ. ಕಾಕಾ ಅಲ್ಲಿಂದ "ಇನ್ನಷ್ಟು ಒಳಗ, ಎಡಕ್ಕ, ಎಡಕ್ಕ" ಅಂತ ಕೂಗುತ್ತಿದ್ದರು. ಮಾರುವವರು ಕಕ್ಕಾಬಿಕ್ಕಿ.

ಆದರೆ ಕಾರು ನೋಡಲು ಹೋಗುವ ಮೊದಲೇ ಅರ್ಧ ತೀರ್ಮಾನ ಆಗಿಬಿಡಬೇಕು. ಅದಕ್ಕೆ ಇಲ್ಲೊಂದು ಒಳ್ಳೆಯ ವ್ಯವಸ್ಥೆ ಇದೆ: ಎಂಒಟಿ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಈ ತಪಾಸಣೆ ಕಡ್ಡಾಯ. ಕಾಕಾಗೆ ಹೇಳಿದಾಗ "ಹಾಂ, ನಮ್ಮ ಎಫ್‌ಸಿ ಇದ್ದಂಗ" ಅಂದರು. ನಮ್ಮಲ್ಲಿ ಟ್ರ್ಯಾಕ್ಸ್, ಲಾರಿಗೆ ಇರುವ ತಪಾಸಣೆ ಇಲ್ಲಿ ಮನೆ ಕಾರಿಗೂ ಇದೆ ಅಂದುಕೊಳ್ಳಿ. ಅದಕ್ಕಿಂತ ದೊಡ್ಡ ವಿಷಯ ಅಂದರೆ ಅದರ ಫಲಿತಾಂಶ ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಕಾರಿನ ನಂಬರ್ ಹಾಕಿದರೆ ಸಾಕು. 2005ರಿಂದ ಈಚಿನ ದಾಖಲೆ, ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಯಾಕೆ ಫೇಲು, ಆ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು, ಎಲ್ಲ ಬರುತ್ತದೆ. ನಮ್ಮ ಎಂ-ಪರಿವಾಹನ್‌ನಲ್ಲಿ ಆರ್‌ಸಿ, ಇನ್ಶೂರೆನ್ಸ್ ನೋಡಬಹುದು. ಗಾಡಿ ಎಷ್ಟು ಓಡಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ?

ಇದನ್ನು ಓದುವುದಕ್ಕೂ ಒಂದು ರೀತಿ ಇದೆ. ಬರೀ ಪಾಸು ಫೇಲು ನೋಡಬೇಡಿ. ಪಾಸಾದರೂ "ಇದರ ಮೇಲೆ ಕಣ್ಣಿಡಿ" ಅಂತ ಎಚ್ಚರಿಕೆ ಬರೆದಿರುತ್ತಾರೆ, ಅದನ್ನು ಅಡ್ವೈಸರಿ ಅನ್ನುತ್ತಾರೆ. ಒಂದೇ ಅಡ್ವೈಸರಿ, ಉದಾಹರಣೆಗೆ ಹಿಂದಿನ ಸ್ಪ್ರಿಂಗ್ ತುಕ್ಕು, ಮೂರು ವರ್ಷ ಸತತ ಬಂದಿದ್ದರೆ ಯಜಮಾನ ಕೈ ಹಾಕಿಲ್ಲ ಅಂತ ಅರ್ಥ. ಅಂಥವರು ಆಯಿಲ್ ಮಾತ್ರ ಸರಿಯಾಗಿ ಬದಲಾಯಿಸಿರುತ್ತಾರೆಯೇ? ಇನ್ನೊಂದು ಕಾರು ಎರಡು ಸಲ ಫೇಲ್ ಆಗಿರುತ್ತದೆ, ಎರಡೂ ಸಲ ಅದೇ ವಾರ ರಿಪೇರಿ ಆಗಿ ಪಾಸಾಗಿರುತ್ತದೆ. ನನ್ನ ಮಟ್ಟಿಗೆ ಆ ಎರಡನೇ ಕಾರೇ ಒಳ್ಳೆಯದು. ವರ್ಷಗಟ್ಟಲೆ ಅಡ್ವೈಸರಿಗಳ ಸಾಲು ಇದ್ದು, ಮಾರುವ ಹಿಂದಿನ ವಾರ ಒಮ್ಮೆಲೇ ಏನೂ ಇಲ್ಲದ ಪಾಸು ಬಂದಿದ್ದರೆ ರಿಪೇರಿ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬಿಟ್ಟುಬಿಡಿ. ಇನ್ನು ಮೀಟರ್ ಒಂದು ವರ್ಷ 70,000 ಮೈಲಿ ಇದ್ದು ಮರುವರ್ಷ 48,000 ಆಗಿದ್ದರೆ ಹೇಳುವುದೇ ಬೇಡ, ಯಾರೋ ಹಿಂದೆ ತಿರುಗಿಸಿದ್ದಾರೆ.

ನಂಬರ್ ಪ್ಲೇಟಿನ ಬಗ್ಗೆಯೂ ಹೇಳಬೇಕು. ಕೆಎ-32 ಅಂದರೆ ಕಲಬುರಗಿ, 33 ಯಾದಗಿರಿ, 38 ಬೀದರ್ ಅಂತ ನಾವು ದೂರದಿಂದಲೇ ಹೇಳುತ್ತೇವೆ. ಇಲ್ಲಿ ಪ್ಲೇಟಿನ ನಡುವಿನ ಎರಡು ಅಂಕೆ ಕಾರಿನ ವಯಸ್ಸು ಹೇಳುತ್ತದೆ. 12 ಅಂದರೆ 2012ರ ಮಾರ್ಚ್‌ನಿಂದ ಆಗಸ್ಟ್ ಒಳಗೆ ರಿಜಿಸ್ಟರ್ ಆದದ್ದು. 62 ಅಂದರೆ ಅದೇ ಸೆಪ್ಟೆಂಬರ್‌ನಿಂದ 2013ರ ಫೆಬ್ರವರಿವರೆಗಿನದು. ದಾರಿಯಲ್ಲಿ ಹೋಗುವ ಕಾರುಗಳ ವಯಸ್ಸು ಲೆಕ್ಕ ಹಾಕುವುದು ನನಗೀಗ ಚಟವಾಗಿದೆ.

ಇನ್ನು ಯಾವ ಕಾರು. ಚಿಕ್ಕ ಪೆಟ್ರೋಲ್ ಕಾರು ತಗೊಳ್ಳಿ. ನಮ್ಮ ಕಡೆ ಡೀಸೆಲ್ ಪ್ರೀತಿ ಜಾಸ್ತಿ, ಅದನ್ನು ವಿಮಾನ ಹತ್ತುವಾಗಲೇ ಬಿಟ್ಟು ಬನ್ನಿ. ಡೀಸೆಲ್ ಕಾರಿನ ಹೊಗೆಯಲ್ಲಿರುವ ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಇಂಜಿನ್ ಚೆನ್ನಾಗಿ ಕಾದಾಗ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ ಓಡಿಸಿದರೆ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ಬದಲಾಯಿಸುವ ಖರ್ಚು ದೊಡ್ಡದು. ದೊಡ್ಡ ಊರುಗಳಿಗೆ ಹೋಗುವಾಗಲೂ ಡೀಸೆಲ್‌ಗೆ ತೊಂದರೆ. ಲಂಡನ್ನಿನ ಹೊಗೆ ಶುಲ್ಕದ ವಲಯವಾದ ಯುಲೆಜ್‌ನಲ್ಲಿ ಹೆಚ್ಚು ಹೊಗೆ ಬಿಡುವ ಹಳೇ ಕಾರಿಗೆ ದಿನಕ್ಕೆ 12.50 ಪೌಂಡ್, ನಮಗೆ ಹತ್ತಿರದ ಬರ್ಮಿಂಗ್‌ಹ್ಯಾಮಿನ ನಡುಭಾಗಕ್ಕೆ ಹೋದರೆ 8 ಪೌಂಡ್. 2006ರ ನಂತರದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ. ಡೀಸೆಲ್ ಆದರೆ 2015ರ ಸೆಪ್ಟೆಂಬರ್ ನಂತರದ್ದೇ ಬೇಕು.

ಟೊಯೊಟಾ ಯಾರಿಸ್, ಹೋಂಡಾ ಜಾಝ್ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಎರಡರ ಪೆಟ್ರೋಲ್ ಇಂಜಿನ್‌ನಲ್ಲೂ ಒಳಗಿನ ಭಾಗಗಳನ್ನು ಜೊತೆಯಾಗಿ ತಿರುಗಿಸಲು ಟೈಮಿಂಗ್ ಚೈನ್ ಇದೆ, ಕಾಲಕಾಲಕ್ಕೆ ಬೆಲ್ಟ್ ಬದಲಾಯಿಸುವ ತಲೆನೋವಿಲ್ಲ. ಆದರೆ ಎಲ್ಲರೂ ಅದನ್ನೇ ಕೇಳುವುದರಿಂದ ಬೆಲೆ ಇಳಿಯುವುದಿಲ್ಲ. ಜಾಝ್‌ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕದಿಯುವ ಕಳ್ಳರೂ ಇದ್ದಾರೆ, ರಾತ್ರಿ ಬೀದಿಯಲ್ಲಿ ನಿಲ್ಲಿಸುವವರು ಯೋಚಿಸಿ. ಬ್ಯಾಡ್ಜ್ ಬೇಡ, ಕೆಲಸ ಆದರೆ ಸಾಕು ಅನ್ನುವವರಿಗೆ ಒಂದು ಉಪಾಯ ಇದೆ. 2005ರಿಂದ 2014ರವರೆಗಿನ ಟೊಯೊಟಾ ಐಗೊ, ಪೆಜೊ 107, ಸಿಟ್ರೊಯೆನ್ ಸಿ1 ಮೂರೂ ಹೆಚ್ಚುಕಡಿಮೆ ಒಂದೇ ಕಾರು. ಚೆಕ್ ದೇಶದ ಕೊಲಿನ್ ಎಂಬ ಊರಿನ ಒಂದೇ ಕಾರ್ಖಾನೆಯಲ್ಲಿ ಆದವು. ಪೆಟ್ರೋಲ್ ಇಂಜಿನ್ ಮೂರಕ್ಕೂ ಟೊಯೊಟಾದ್ದೇ. ಹೆಸರಿಗೆ ಕೊಡುವ ದುಡ್ಡನ್ನು ಟೈರಿಗೆ ಇಟ್ಟುಕೊಳ್ಳಿ. ಕ್ಲಚ್ ಮತ್ತು ವಾಟರ್ ಪಂಪ್ ಮಾತ್ರ ನೋಡಿಕೊಳ್ಳಿ. ಡಿಕ್ಕಿಯಲ್ಲಿ ನೀರು ನಿಂತಿದೆಯಾ ಅಂತ ಕಾರ್ಪೆಟ್ ಎತ್ತಿ ನೋಡಿ.

ನಾನು ತಗೊಂಡದ್ದು 12 ಪ್ಲೇಟಿನ ಹ್ಯುಂಡೈ ಐ10, 1.2 ಲೀಟರ್ ಇಂಜಿನ್ನಿನದು. ಇದರಲ್ಲೂ ಚೈನ್ ಇದೆ. ಅದೇ ಮಾದರಿಯ ಹಳೇ 1.1ರಲ್ಲಿ ಬೆಲ್ಟ್ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಗಾಜಿನ ಕೆಳಗೆ ಕೆತ್ತಿದ ಚಾಸಿ ನಂಬರ್ ಓದಿ ಹೇಳು ಅಂದರು ಕಾಕಾ. ಎಂಎಎಲ್ ಅಂತ ಶುರುವಾಗಿತ್ತು. ಅಂದರೆ ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ ಆದದ್ದು. ಮೊದಲ ತಲೆಮಾರಿನ ಐ10 ಯುರೋಪಿಗೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಆ ಕಾಲದ ಸುಜುಕಿ ಆಲ್ಟೋ, ನಿಸಾನ್ ಪಿಕ್ಸೋ ಮಾನೇಸರಿನಿಂದ ಬಂದವು.

"ಮದ್ರಾಸಿನ ಗಾಡಿ ತಗೊಳ್ಳಾಕ ಅಲ್ಲಿ ತನಕ ಹೋದಿ ಏನವ್ವಾ?" ಅಂದರು ಕಾಕಾ. ಈಗಲೂ ಮನೆಗೆ ಬಂದವರಿಗೆಲ್ಲ ಇದನ್ನೇ ಹೇಳಿ ನಗುತ್ತಾರಂತೆ.

ಮಾರುವವರ ವಿಷಯ. ಕೆಲವು ದಲ್ಲಾಳಿಗಳು ತಮ್ಮದೇ ಕಾರು ಮಾರುವ ಮನೆಯವರ ಹಾಗೆ ನಟಿಸಿ ಮಾರುತ್ತಾರೆ. ಫೋನ್ ಮಾಡಿದಾಗ "ಕಾರಿನ ಬಗ್ಗೆ ಕೇಳಬೇಕಿತ್ತು" ಅಂತಷ್ಟೇ ಹೇಳಿ. "ಯಾವ ಕಾರು?" ಅಂತ ಕೇಳಿದರೆ ಅವರ ಹತ್ತಿರ ಇನ್ನೂ ಹಲವು ಇವೆ ಅಂತ ಅರ್ಥ. ದಲ್ಲಾಳಿ ಆಗಿರುವುದು ತಪ್ಪಲ್ಲ, ಅಂಗಡಿ ಇಟ್ಟು ಮಾರುವವರಿಂದ ತಗೊಂಡರೆ ಕಾನೂನಿನ ಬಲವೂ ಇದೆ. 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಕಾರಿನಲ್ಲಿ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ಮನೆಯವರು ಮಾರಿದರೆ ಆ ರಕ್ಷಣೆ ಇಲ್ಲ. ಅವರು ಹೇಳಿದ ವಿವರ ನಿಜ ಇದ್ದರೆ ಮುಗಿಯಿತು. ಮನೆಯವರ ಸೋಗು ಹಾಕುವುದು ಈ ಹೊಣೆ ತಪ್ಪಿಸಿಕೊಳ್ಳಲಿಕ್ಕೇ.

ಕಾಗದ ಅಂದರೆ ಮುಖ್ಯವಾಗಿ ವಿ5ಸಿ, ಜನ ಲಾಗ್‌ಬುಕ್ ಅನ್ನುತ್ತಾರೆ. ನಮ್ಮ ಆರ್‌ಸಿ ಹಾಗೆ ಕಂಡರೂ ಅದರಲ್ಲಿರುವುದು ಕಾರು ಇಟ್ಟುಕೊಂಡವರ ಹೆಸರು. ಮಾಲೀಕತ್ವಕ್ಕೆ ಅದು ಪುರಾವೆ ಅಲ್ಲ. ಅದರಲ್ಲಿರುವ ವಿಳಾಸದ ಮನೆ ಮುಂದೆಯೇ ಕಾರು ನೋಡಿ. ಸೂಪರ್‌ಮಾರ್ಕೆಟ್ ಪಾರ್ಕಿಂಗಿಗೆ ಬನ್ನಿ ಅಂದರೆ ಹೋಗಬೇಡಿ. ಕಾರಿನ ಮೇಲೆ ಸಾಲ ಉಳಿದಿದೆಯಾ, ಅಪಘಾತದಲ್ಲಿ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಕಾರಾ ಅಂತ ದುಡ್ಡು ಕೊಟ್ಟು ನೋಡುವ ಸೇವೆಗಳಿವೆ. ಆ ಖರ್ಚು ಉಳಿಸಬೇಡಿ. ಕೈಬಿಟ್ಟ ಕಾರುಗಳಿಗೆ ಎಸ್, ಎನ್ ಅಂತ ಗುರುತು ಇರುತ್ತದೆ. ಎನ್ ಅಂದರೆ ಚೌಕಟ್ಟಿಗೆ ಪೆಟ್ಟಿಲ್ಲದ್ದು, ಎಸ್ ಅಂದರೆ ಚೌಕಟ್ಟಿಗೇ ಪೆಟ್ಟು ಬಿದ್ದದ್ದು. ಮೊದಲ ಕಾರಿಗೆ ಅದು ಬೇಡವೇ ಬೇಡ.

ದುಡ್ಡು ಕೊಡುವ ಮುಂಚೆ ಎರಡನೇ ಕೀಲಿ ಕೇಳಿ. ಚಕ್ರದ ಲಾಕ್ ನಟ್ ಬಿಚ್ಚುವ ಚಿಕ್ಕ ತುಂಡು ಡಿಕ್ಕಿಯಲ್ಲಿದೆಯಾ ಅಂತಲೂ ನೋಡಿ. ಅದಿಲ್ಲದೆ ದಾರಿಯಲ್ಲಿ ಪಂಕ್ಚರ್ ಆದರೆ ಸ್ಟೆಪ್ನಿ ಇದ್ದೂ ಪ್ರಯೋಜನ ಇಲ್ಲ.

ತಗೊಂಡ ದಿನವೇ ಮನೆಗೆ ಓಡಿಸಿಕೊಂಡು ಬರುವ ಮುಂಚೆ ಇನ್ಶೂರೆನ್ಸ್ ಮತ್ತು ರೋಡ್ ಟ್ಯಾಕ್ಸ್ ಎರಡೂ ನಿಮ್ಮ ಹೆಸರಿಗೆ ಶುರುವಾಗಿರಬೇಕು. ಹಳಬರು ಕಟ್ಟಿದ ಟ್ಯಾಕ್ಸ್ ಕಾರಿನ ಜೊತೆ ಬರುವುದಿಲ್ಲ. ಮಾರುವವರು ಲಾಗ್‌ಬುಕ್ಕಿನಿಂದ ಹರಿದು ಕೊಡುವ ಹಸಿರು ಚೀಟಿಯ ನಂಬರ್ ಹಾಕಿ ಅಲ್ಲೇ ನಿಂತು ಮೊಬೈಲಿನಲ್ಲಿ ಕಟ್ಟಬಹುದು. 2017ರ ಏಪ್ರಿಲ್‌ಗಿಂತ ಮೊದಲು ರಿಜಿಸ್ಟರ್ ಆದ, ಹೊಗೆ ಕಡಿಮೆ ಇರುವ ಕಾರಿಗೆ ಟ್ಯಾಕ್ಸ್ ಬಹಳ ಕಡಿಮೆ. ಅದರ ನಂತರದ್ದಕ್ಕೆ ವರ್ಷಕ್ಕೆ 200 ಪೌಂಡ್ ಹತ್ತಿರ ಹೋಗುತ್ತದೆ. ಹಳೇ ಕಾರು ತಗೊಳ್ಳುವುದರಲ್ಲಿ ಇದೂ ಒಂದು ಲಾಭ.

ಈಗ ಹೊರಡಲು ತಯಾರಾಗುತ್ತಿರುವವರಿಗೆ ಲೈಸೆನ್ಸ್ ಮಾತು. ಇಂಡಿಯಾದ ಲೈಸೆನ್ಸಿನಲ್ಲಿ ಇಲ್ಲಿ ವಾಸ ಶುರು ಮಾಡಿದ ದಿನದಿಂದ 12 ತಿಂಗಳು ಓಡಿಸಬಹುದು. ಅಷ್ಟರೊಳಗೆ ಇಲ್ಲಿಯ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು, ಕೆಲವು ದೇಶದವರಿಗೆ ಇರುವಂತೆ ಅದಲುಬದಲು ಮಾಡಿಕೊಳ್ಳುವ ಸೌಲಭ್ಯ ನಮಗಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ದಿನಾಂಕ ಸಿಗುವುದೇ ಕಷ್ಟ, ಬಂದ ಮೊದಲ ವಾರವೇ ಪರೀಕ್ಷೆಗೆ ಬೇಕಾಗುವ ಪ್ರೊವಿಜನಲ್ ಲೈಸೆನ್ಸಿಗೆ (ನಮ್ಮ ಎಲ್ಎಲ್ ಇದ್ದ ಹಾಗೆ) ಅರ್ಜಿ ಹಾಕಿ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಆಮೇಲೆ ಗೇರಿನ ಕಾರು ಓಡಿಸುವ ಹಾಗಿಲ್ಲ, ಅಗ್ಗದ ಹಳೇ ಕಾರುಗಳಲ್ಲಿ ಜಾಸ್ತಿ ಇರುವುದು ಗೇರಿನವೇ. ಇನ್ನೊಂದು ವಿಷಯ, ವೃತ್ತಗಳು. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಮೂತಿ ತೂರಿಸಿದವರದ್ದೇ ದಾರಿ. ಇಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ನಿಲ್ಲದಿದ್ದರೆ ಪರೀಕ್ಷೆಯಲ್ಲಿ ಅಲ್ಲೇ ಫೇಲ್. ಬರುವ ಮುಂಚೆ ಊರಲ್ಲಿ ಗೇರಿನ ಕಾರಿನಲ್ಲಿ ಕೈ ಪಳಗಿಸಿಕೊಳ್ಳಿ, ಲೈಸೆನ್ಸಿನ ಅಸಲು ಕಾರ್ಡ್ ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ.