ಮನೆಗಳೆಲ್ಲ ರೂಮಾದ್ರೆ ಹಬ್ಬ ಮಾಡೋರು ಎಲ್ಲಿರ್ತಾರೆ?

ಮಡಿಕೇರಿಲಿ ಬಾಡಿಗೆ ಮನೆ ಹುಡುಕ್ತಾ ಹೋದ್ರೆ ಈಗ ಜಾಸ್ತಿ ಕೇಳೋ ಮಾತು "ಇಲ್ಲ, ಹೋಮ್‌ಸ್ಟೇ ಮಾಡ್ತಿದೀವಿ" ಅನ್ನೋದು. ಓನರುಗಳನ್ನ ಬೈಯೋಕೆ ನಂಗೆ ಮನಸ್ಸಿಲ್ಲ, ಕಾಫಿ ಕರಿಮೆಣಸು ರೇಟು ಬಿದ್ದ ವರ್ಷಗಳಲ್ಲಿ ಎಷ್ಟೋ ಸಂಸಾರಗಳ ಕೈ ಹಿಡಿದಿದ್ದು ಇದೇ ಗೆಸ್ಟುಗಳು. ಆದ್ರೆ ಸ್ಕೂಲ್ ಟೀಚರು, ನರ್ಸು, ಅಂಗಡಿಲಿ ಕೆಲ್ಸ ಮಾಡೋ ಹುಡುಗ್ರು ಇವರೆಲ್ಲ ಎಲ್ಲಿರ್ಬೇಕು ಹೇಳಿ.

ಸ್ಪೇನಿನ ಬಾರ್ಸಿಲೋನಾದಲ್ಲಿ ನಡೀತಿರೋದನ್ನ ನಾನು ಗಮನ ಇಟ್ಟು ನೋಡ್ತಿರೋದು ಇದಕ್ಕೇ. ಒಂದು ಕಡೆ ಸಮುದ್ರ ಇನ್ನೊಂದು ಕಡೆ ಬೆಟ್ಟ, ಮಧ್ಯೆ ಸುಮಾರು 17 ಲಕ್ಷ ಜನ, ಊರು ಅಗಲ ಆಗೋಕೆ ಜಾಗನೇ ಇಲ್ಲ. ಹತ್ತು ವರ್ಷದಲ್ಲಿ ಬಾಡಿಗೆ 68% ಏರಿದೆ ಅಂತ 2024ರ ಜೂನ್‌ನಲ್ಲಿ ಅಲ್ಲಿನ ಮೇಯರ್ ಜೌಮೆ ಕೊಲ್ಬೋನಿನೇ ಹೇಳಿದ್ರು, ಟೂರಿಸ್ಟುಗಳಿಗೆ ಕೊಡೋಕೆ ಲೈಸೆನ್ಸ್ ಇರೋ 10,101 ಫ್ಲ್ಯಾಟುಗಳ ಲೈಸೆನ್ಸನ್ನ 2028ರ ನವೆಂಬರ್ ಹೊತ್ತಿಗೆ ಮುಗಿಸ್ತೀವಿ ಅಂತಾನೂ ಹೇಳಿದ್ರು. ಮುಂದಿನ ತಿಂಗಳೇ ಜನ ಬೀದಿಗಿಳಿದು ಟೂರಿಸ್ಟುಗಳ ಮೇಲೆ ಆಟಿಕೆ ಪಿಸ್ತೂಲಿಂದ ನೀರು ಹಾರಿಸಿದ್ರು. ಅದು ನಂಗೆ ಹಿಡಿಸ್ಲಿಲ್ಲ, ಬಂದವರನ್ನ ಹಾಗೆ ನಡೆಸ್ಕೋಬಾರ್ದು, ಆದ್ರೆ ಅವರ ಹೊಟ್ಟೆಸಂಕಟ ಅರ್ಥ ಆಗುತ್ತೆ.

ಅಲ್ಲಿ ಗ್ರಾಸಿಯಾ ಅಂತ ಒಂದು ಬಡಾವಣೆ ಇದೆ. ಆಗಸ್ಟ್‌ನಲ್ಲಿ ಅಲ್ಲೊಂದು ಹಬ್ಬ, ಒಂದೊಂದು ಬೀದಿಯವರೂ ಸೇರ್ಕೊಂಡು ತಿಂಗಳುಗಟ್ಲೆ ಕೂತು ಹಳೇ ಬಾಟ್ಲಿ, ರಟ್ಟು, ಕಾಗದದಲ್ಲೇ ತಮ್ಮ ಬೀದಿನ ಸಿಂಗರಿಸ್ತಾರೆ, ಆಮೇಲೆ ಯಾವ ಬೀದಿ ಚೆಂದ ಅಂತ ಬಹುಮಾನ ಬೇರೆ. ಬಾಡಿಗೆ ಕಟ್ಟೋಕಾಗ್ದೆ ಆ ಬೀದಿಯವರೇ ಖಾಲಿ ಮಾಡ್ಕೊಂಡು ಹೋದ್ರೆ ಅದನ್ನ ಕಟ್ಟೋರು ಯಾರು? ಮೂರು ದಿನಕ್ಕೆ ಬಂದವರಂತೂ ಅಲ್ಲ.

ನಮ್ಮ ಮಡಿಕೇರಿ ದಸರಾನೂ ಹಾಗೇ ತಾನೆ. ನಾಲ್ಕು ಶಕ್ತಿ ದೇವತೆಗಳ ಕರಗ ನವರಾತ್ರಿಲಿ ಬೀದಿ ಬೀದಿ ಸುತ್ತುತ್ತೆ, ಮನೆಯವರು ಬಾಗಿಲಲ್ಲಿ ನಿಂತು ಪೂಜೆ ಕೊಡ್ತಾರೆ, ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನದ ಮಂಟಪ, ಅಂದ್ರೆ ದೇವರ ಕಥೆ ತೋರ್ಸೋ ಟ್ಯಾಬ್ಲೋ, ಮೆರವಣಿಗೆ ಹೊರಡುತ್ತೆ. ಆ ಮಂಟಪಕ್ಕೆ ಚಂದಾ ಎತ್ತೋದು, ಸೆಟ್ ಹಾಕೋದು, ನಿದ್ದೆಗೆಟ್ಟು ಓಡಾಡೋದು ಎಲ್ಲ ಊರಿನ ಹುಡುಗ್ರು. ಬಾಡಿಗೆ ಕಮ್ಮಿ ಅಂತ ಅವರೆಲ್ಲ ಕುಶಾಲನಗರದ ಕಡೆ ಹೋದ್ರೆ ರಾತ್ರಿ ಕೆಲ್ಸಕ್ಕೆ ಅಲ್ಲಿಂದ ದಿನಾ ಬರೋಕಾಗುತ್ತಾ? ಮನೆಲಿ ಯಾರೋ ಗೆಸ್ಟ್ ಇದ್ರೆ ಕರಗ ಬಂದಾಗ ಬಾಗಿಲು ತೆಗೆಯೋರು ಯಾರು?

ಹೊಸ ಮನೆ ಕಟ್ಟಿದ್ರಾಯ್ತು ಅನ್ನೋರಿಗೆ 2018ರ ಆಗಸ್ಟ್‌ನಲ್ಲಿ ಮಳೆಗೆ ಇಲ್ಲಿ ಗುಡ್ಡ ಕುಸಿದಿದ್ದು ನೆನಪಿರ್ಲಿ. ಇನ್ನಷ್ಟು ಗುಡ್ಡ ಕಡಿಯೋ ಧೈರ್ಯ ನಮ್ಗಂತೂ ಇಲ್ಲ. ಹಾಗಾಗಿ ಇರೋ ಮನೆಗಳಲ್ಲೇ ಜನ ಉಳಿಬೇಕು.

ಬಾರ್ಸಿಲೋನಾ ತರ ಎಲ್ಲಾನೂ ಒಂದೇ ಸಲ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ನಿಯಮದಲ್ಲೇ ಓನರ್ ಅದೇ ಮನೆಲಿ ವಾಸ ಇರ್ಬೇಕು ಅಂತ ಇದೆ. ಸಂಸಾರ ಇದ್ದು, ಎರಡು ರೂಮು ಗೆಸ್ಟಿಗೆ ಕೊಟ್ಟು, ಅಕ್ಕಿರೊಟ್ಟಿ ಬಡಿಸೋ ಮನೆಗೆ ನನ್ನ ಪೂರ್ತಿ ಬೆಂಬಲ. ಯಾರೂ ವಾಸ ಇಲ್ದೆ ಬರೀ ಕೀ ಬಾಕ್ಸ್ ನೇತಾಕಿರೋ ಇಡೀ ಮನೆಗಳನ್ನ ಮಾತ್ರ ಬೇರೆ ಲೆಕ್ಕ ಹಿಡೀರಿ, ಅವಕ್ಕೆ ಲಾಡ್ಜ್ ತರ ಟ್ಯಾಕ್ಸ್ ಹಾಕಿ, ವರ್ಷಪೂರ್ತಿ ಬಾಡಿಗೆಗೆ ಕೊಡೋರಿಗೆ ಮನೆ ತೆರಿಗೆಲಿ ರಿಯಾಯ್ತಿ ಕೊಡಿ. ನಗರಸಭೆ ಮೊದ್ಲು ವಾರ್ಡ್ ವಾರ್ಡ್ ಸುತ್ತಿ ಯಾವ ಮನೆಲಿ ಜನ ಇದಾರೆ, ಯಾವ ಮನೆಲಿ ಇಲ್ಲ ಅಂತ ಪಟ್ಟಿ ಮಾಡ್ಲಿ, ಮುಂದಿನ ದಸರಾ ಒಳಗೇ ಮಾಡ್ಲಿ.