ನನ್ನ ಪಾಲಿಗೆ ಬಂದ ಆಮೆನ್

ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದು ಒಂದು ಪೆನ್ಸಿಲ್. ಏಳನೇ ತರಗತಿಯಲ್ಲಿ ಅದು ದಿನಕ್ಕೆ ಹತ್ತು ಸಲ ನನ್ನ ಕೈಯಿಂದ ಬೀಳುತ್ತಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ರಬ್ಬರ್ ಬೀಳುತ್ತಿತ್ತು. ಅಕ್ಷರಗಳು ಗೆರೆ ದಾಟಿ ಎಲ್ಲೆಲ್ಲೋ ಹೋಗುತ್ತಿದ್ದವು. ಪಾಠ ನಡೆಯುವಾಗ ಮುಖ ತಾನಾಗಿಯೇ ಸೊಟ್ಟಗಾಗುತ್ತಿತ್ತು. ನಾನು ಅಣಕಿಸುತ್ತಿದ್ದೇನೆ ಅಂದುಕೊಂಡ ಒಬ್ಬ ಮೇಷ್ಟ್ರು ಎರಡು ಪೀರಿಯಡ್ ಹೊರಗೆ ನಿಲ್ಲಿಸಿದರು. ಹೆಸರು ಬೇಡ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಹೊರಗೆ ನಿಂತಾಗಲೂ ಕೈ ಸುಮ್ಮನಿರಲಿಲ್ಲ ಅನ್ನೋದು ಮಾತ್ರ ನೆನಪಿದೆ.

ಡಾಕ್ಟರು ತಮ್ಮ ಎರಡು ಬೆರಳು ಚಾಚಿ, "ಗಟ್ಟಿಯಾಗಿ ಹಿಡ್ಕೋ, ಬಿಡಬೇಡ" ಅಂದರು. ಹಿಡಿದೆ. ನನ್ನ ಮುಷ್ಟಿ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಹಸುವಿನ ಹಾಲು ಕರೆದ ಹಾಗೆ. ವೈದ್ಯರ ಪುಸ್ತಕದಲ್ಲೂ ಅದಕ್ಕೆ ಹಾಲು ಕರೆಯುವವಳ ಹಿಡಿತ ಎಂದೇ ಹೆಸರು. ನಾಲಿಗೆ ಹೊರಗೆ ಚಾಚಿ ಹಾಗೇ ಇಟ್ಟುಕೋ ಅಂದರು. ಅದು ಒಳಗೆ ಹೊರಗೆ ಓಡಾಡಿತು. ಆಮೇಲೆ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಅಮ್ಮನ ಮುಖ ಬಿಳಿಚಿಕೊಂಡಿತು.

ರುಮ್ಯಾಟಿಕ್ ಜ್ವರ. ಕೆಲವು ತಿಂಗಳ ಹಿಂದೆ ಬಂದು ಹೋಗಿದ್ದ ಗಂಟಲು ನೋವೇ ಇದಕ್ಕೆಲ್ಲ ಮೂಲ. ಗಂಟಲಿನ ಸೋಂಕಿನ ಜೊತೆ ಹೋರಾಡಲು ಎದ್ದ ದೇಹದ ಕಾವಲು ಪಡೆ ದಾರಿ ತಪ್ಪಿ ನಮ್ಮದೇ ಹೃದಯದ ಕವಾಟಕ್ಕೆ, ಕೀಲಿಗೆ, ಕೆಲವರಲ್ಲಿ ಮೆದುಳಿಗೂ ಕೈ ಹಾಕುತ್ತದೆ. ಮೆದುಳಿಗೆ ಬಂದಾಗ ಕೈಕಾಲು ಹೀಗೆ ಕುಣಿಯುತ್ತವೆ. ಸಿಡೆನ್‌ಹ್ಯಾಮ್ ಕೊರಿಯಾ ಅನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ 1686ರಲ್ಲೇ ಇದನ್ನು ಬಣ್ಣಿಸಿದ್ದ. ಇದರಲ್ಲಿ ಒಂದು ವಿಚಿತ್ರ ಇದೆ. ನಿದ್ದೆ ಹತ್ತಿದ ಮೇಲೆ ಕುಣಿತ ನಿಂತುಬಿಡುತ್ತದೆ. ನಾನು ಮಲಗಿದ ಮೇಲೆ ಅಮ್ಮ ಬಂದು ನನ್ನ ಕೈ ನೋಡುತ್ತಾ ಕೂರುತ್ತಿದ್ದಳಂತೆ. ಇದನ್ನು ಅವಳು ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ.

ಶಾಲೆ ಬಿಟ್ಟು ಮನೆಯಲ್ಲಿ ಐದು ತಿಂಗಳು. ಅದಕ್ಕೆ ಮುಂಚೆ ನಾನು ಶಾಲೆಯ ಪ್ರಾರ್ಥನಾ ಮಂದಿರದ ಆರ್ಗನ್ ಕಲಿಯಲು ಶುರು ಮಾಡಿದ್ದೆ. ಈಗ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಬೈಬಲಿನಲ್ಲಿ ಬರುವ ಪೌಲನು ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆಯನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡ ಅಂತ ಭಾನುವಾರದ ಶಾಲೆಯಲ್ಲಿ ಕಲಿತಿದ್ದೆ. ನಾನು ಮೂರಕ್ಕೆ ನಿಲ್ಲಿಸಲಿಲ್ಲ. ನೂರರವರೆಗೆ ಎಣಿಸಿದೆ, ಆಮೇಲೆ ದೇವರ ಮೇಲೆ ಸಿಟ್ಟು ಬಂದು ಮಾತು ಬಿಟ್ಟೆ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಆದರೆ ನನ್ನ ನಂಬಿಕೆಯ ಬಗ್ಗೆ ಹೇಳುತ್ತಾ ಈ ಮೌನದ ವಾರಗಳನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದ ಹಾಗಲ್ವಾ?

ಆಗ ಮನೆಗೆ ಬಂದವರು ನಮ್ಮ ಸಂಗೀತದ ಟೀಚರ್. ಕೈಯಲ್ಲಿ ರಾಗದ ಸ್ವರಗಳಿದ್ದ ದಪ್ಪ ಗೀತೆಗಳ ಪುಸ್ತಕ. ಮೊದಲು ಫ್ಯಾನಿ ಕ್ರಾಸ್ಬಿಯ ಕಥೆ ಹೇಳಿದರು. 1820ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು, ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು, ಆದರೂ 8,000ಕ್ಕೂ ಜಾಸ್ತಿ ಭಕ್ತಿಗೀತೆ ಬರೆದರು. ನಾನು, "ಅವರ ಕೈ ನೆಟ್ಟಗಿತ್ತಲ್ಲ ಟೀಚರ್" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜ" ಅಂದರು. ಆಮೇಲೆ ಯಾವತ್ತೂ ನನಗೆ ಸ್ಫೂರ್ತಿಯ ಕಥೆ ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಅಷ್ಟು ಪ್ರೀತಿ.

ಅದರ ಬದಲು ಪುಸ್ತಕದ ಕೊನೆಯ ಪುಟಗಳನ್ನು ತೆಗೆದು ತೋರಿಸಿದರು. ಅಲ್ಲಿ ಬರೀ ಅಂಕಿಗಳು. 8.6.8.6 ಎಂದಿದ್ದರೆ ಮೊದಲ ಸಾಲಿಗೆ ಎಂಟು ಉಚ್ಚಾರಾಂಶ, ಎರಡನೆಯದಕ್ಕೆ ಆರು, ಹೀಗೆ. ಅಂಕಿ ಒಂದೇ ಆಗಿದ್ದರೆ ಒಂದು ಗೀತೆಯ ಮಾತನ್ನು ಇನ್ನೊಂದರ ರಾಗಕ್ಕೆ ಕೂರಿಸಬಹುದು. ರಾಗಕ್ಕೆ ಬೇರೆ ಹೆಸರು, ಮಾತಿಗೆ ಬೇರೆ ಹೆಸರು ಇರುವುದೇ ಅದಕ್ಕೆ. ಕೈ ಬೇಕಿಲ್ಲದ ಆಟ ಸಿಕ್ಕಿತು. ಹಾಸಿಗೆಯಲ್ಲಿ ಬಿದ್ದುಕೊಂಡು ಸಾವಿನ ಗೀತೆಯನ್ನು ಹಬ್ಬದ ರಾಗಕ್ಕೆ ಹಾಡಿ ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೇವರ ಜೊತೆ ಮತ್ತೆ ಮಾತು ಶುರುವಾದದ್ದು ಹಾಗೆ. ಒಂದು ದರ್ಶನವೂ ಇಲ್ಲ, ಬೆಳಕೂ ಇಲ್ಲ.

ಇಂಜೆಕ್ಷನ್ನಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಇಪ್ಪತ್ತೊಂದು ದಿನಕ್ಕೊಂದು ಸಲ ಪೆನಿಸಿಲಿನ್, 12 ಲಕ್ಷ ಯೂನಿಟ್. ಮತ್ತೆ ಗಂಟಲಿನ ಸೋಂಕು ಬಂದರೆ ಕವಾಟ ಇನ್ನೂ ಕೆಡುತ್ತದೆ, ಅದನ್ನು ತಡೆಯಲು. ಹಾಲಿನಂಥ ದಪ್ಪ ಔಷಧಿ, ಅದಕ್ಕೆ ತಕ್ಕ ದಪ್ಪ ಸೂಜಿ. ಎರಡು ದಿನ ಒಂದೇ ಮಗ್ಗುಲಲ್ಲಿ ಕೂರಬೇಕು. ಹೃದಯಕ್ಕೂ ತಾಗಿದ್ದರಿಂದ ಹತ್ತು ವರ್ಷ ಅಥವಾ 21 ವಯಸ್ಸಿನವರೆಗೆ, ಯಾವುದು ಜಾಸ್ತಿಯೋ ಅಷ್ಟು. ನನಗೆ 12ಕ್ಕೆ ಶುರುವಾಗಿ 22ಕ್ಕೆ ಮುಗಿಯಿತು. ಲೆಕ್ಕ ಹಾಕಿದರೆ 170ಕ್ಕೂ ಮೇಲೆ. ಪ್ರಾರ್ಥನೆ ಮಾಡ್ತಿದ್ದೀರಲ್ಲ, ಮತ್ತೆ ಸೂಜಿ ಯಾಕೆ, ನಂಬಿಕೆ ಸಾಲದಾ ಎಂದು ಕೇಳಿದವರೂ ಇದ್ದರು. ಅಮ್ಮ ಅತ್ತಳು. ಟೀಚರ್ ಮಾತ್ರ, "ಲೂಕ ಏನು ಕೆಲಸ ಮಾಡ್ತಿದ್ದ, ಕೇಳಿ ನೋಡಿ ಅವರನ್ನ" ಅಂದರು. ಬೈಬಲಿನಲ್ಲಿ ಸುವಾರ್ತೆ ಬರೆದ ಲೂಕ ವೈದ್ಯ.

ಎಂಟನೇ ತರಗತಿಗೆ ವಾಪಸ್ ಬಂದಾಗ ಕುಣಿತ ಮುಕ್ಕಾಲು ಪಾಲು ಇಳಿದಿತ್ತು. ಆದರೆ ಹಿಡಿತ ಬಂದಿರಲಿಲ್ಲ. ನಮ್ಮ ಮಂದಿರದ ಹಳೇ ಆರ್ಗನ್ ನೆನಪಿದೆಯಾ? ಎರಡು ಕಾಲಲ್ಲೂ ಪೆಡಲ್ ಒತ್ತುತ್ತಾ ಗಾಳಿ ಕೊಡಬೇಕು. ಕಾಲು ನಿಂತರೆ ಸ್ವರ ಸಾಯುತ್ತದೆ. ಟೀಚರ್ ಬೆಂಚಿನಲ್ಲಿ ಪಕ್ಕಕ್ಕೆ ಸರಿದು, "ಇವತ್ತಿಂದ ಆಮೆನ್ ನಿಂದು" ಅಂದರು.

ಆಗೆಲ್ಲ ಪ್ರತಿ ಗೀತೆಯ ಕೊನೆಗೆ ಆಮೆನ್ ಹಾಡುತ್ತಿದ್ದೆವು. ಎರಡೇ ಎರಡು ಸ್ವರಮೇಳ, ಅಂದರೆ ಒಟ್ಟಿಗೆ ಒತ್ತುವ ಮೂರು ಮೂರು ಸ್ವರ. "ಆ" ಅನ್ನುವಾಗ ಬಲಗೈಯಲ್ಲಿ ಸಿ, ಎಫ್, ಎ. "ಮೆನ್" ಅನ್ನುವಾಗ ಸಿ, ಇ, ಜಿ. ಅಂದರೆ ಎರಡು ಬೆರಳು ಪಕ್ಕದ ಬಿಳಿ ಕೀಗೆ ಇಳಿಯುತ್ತವೆ, ಹೆಬ್ಬೆರಳು ಇದ್ದಲ್ಲೇ ಇರುತ್ತದೆ. ಸಂಗೀತ ಕಲಿಯುವ ಯಾವ ಮಗುವಿಗಾದರೂ ಇದು ಅತಿ ಸುಲಭ. ನನಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿರಲಿಲ್ಲ. ಓಡುವ ಬೆರಳಿಗೆ ಓಡು ಅನ್ನಬಹುದು. ನಿಲ್ಲು ಅನ್ನೋದು ಹೇಗೆ? ಟೀಚರ್ ಅದನ್ನು ಬೇಕಂತಲೇ ಆರಿಸಿದ್ದರು ಎಂದು ಈಗ ಅನ್ನಿಸುತ್ತದೆ. ಕೇಳಿದ್ದರೆ ನಗುತ್ತಿದ್ದರು ಅಷ್ಟೇ.

ಮೊದಲ ದಿನ ನಾಲ್ಕು ಚರಣ ಮುಗಿಯುವವರೆಗೆ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ನನ್ನ ಸರದಿ ಬಂತು. ಕೀ ಮುಟ್ಟಿದೆ. "ಆ" ಬಂತು, ಹೆಬ್ಬೆರಳು ಹಾರಿ ಪಕ್ಕದ ಮೂರು ಕೀಗಳ ಮೇಲೆ ಬಿತ್ತು. ಬೆಕ್ಕಿನ ಬಾಲ ತುಳಿದ ಹಾಗೆ ಸದ್ದು. ಹಿಂದಿನ ಸಾಲಲ್ಲಿ ಕಿಸಕ್ಕನೆ ನಗು. ಕೈ ತೆಗೆದುಬಿಟ್ಟೆ. ಟೀಚರ್ ಕಾಲು ನಿಲ್ಲಿಸಲೇ ಇಲ್ಲ, ಒಂದೇ ಸಮ ಪೆಡಲ್ ಒತ್ತುತ್ತಲೇ ಇದ್ದರು. ಕಿವಿಯ ಹತ್ತಿರ ಬಗ್ಗಿ, "ಗಾಳಿ ನಾನು ಕೊಡ್ತಿರ್ತೀನಿ. ನೀನು ನಿಧಾನಕ್ಕೆ ವಾಪಸ್ ಬಾ" ಅಂದರು. ಇಡೀ ಶಾಲೆ "ಆ" ಅನ್ನುತ್ತಾ ನಿಂತಿತ್ತು. ಬಂದೆ.

ಆ ವರ್ಷ ಊಟದ ಬಿಡುವಿನಲ್ಲಿ ದಿನವೂ ಹೆಬ್ಬೆರಳನ್ನು ಒಂದು ಕೀ ಮೇಲೆ ಇಟ್ಟು ಗಡಿಯಾರ ನೋಡುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಸೆಕೆಂಡುಗಳ ಲೆಕ್ಕ. ನಾಲ್ಕು. ಮೂರು. ಐದು. ಮತ್ತೆ ಮೂರು. ನೆಗಡಿ ಬಂದ ವಾರ ಒಂದು. ಮೂವತ್ತು ತಲುಪಲು ಏಳು ತಿಂಗಳು ಹಿಡಿಯಿತು. ಇದರಲ್ಲಿ ಹೇಳಿಕೊಳ್ಳುವಂಥ ರೋಚಕ ಏನೂ ಇಲ್ಲ, ಬಹಳ ಬೇಜಾರಿನ ಕೆಲಸ. ಕಾಯಿಲೆ ತಾನಾಗಿಯೇ ಇಳಿಯುತ್ತಿತ್ತು, ಔಷಧಿ ತನ್ನ ಕೆಲಸ ಮಾಡುತ್ತಿತ್ತು. ನನ್ನ ಸೆಕೆಂಡುಗಳ ಪಾಲು ಎಷ್ಟು, ಪ್ರಾರ್ಥನೆಯ ಪಾಲು ಎಷ್ಟು ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ. ಮಾಡಬೇಕು ಅಂತಲೂ ಅನ್ನಿಸಿಲ್ಲ. ಒಂಬತ್ತರಲ್ಲಿ ಕೊನೆಯ ಸಾಲು ನನ್ನದಾಯಿತು, ಹತ್ತರಲ್ಲಿ ಪೂರ್ತಿ ಗೀತೆ. ಕಾಲೂ ನನ್ನದೇ. ಸೂಜಿ ಹಾಕಿಸಿಕೊಂಡ ಮರುದಿನ ಮಾತ್ರ ಬೆಂಚಿನ ಅಂಚಿನಲ್ಲಿ ಸೊಟ್ಟಗೆ ಕೂತು ನುಡಿಸುತ್ತಿದ್ದೆ. ಅದನ್ನು ನೋಡಿ ಸಣ್ಣ ಮಕ್ಕಳು ಆರ್ಗನ್ ನುಡಿಸುವ ಸರಿಯಾದ ಕ್ರಮ ಅದೇ ಅಂದುಕೊಂಡಿದ್ದರಂತೆ.

ಬೀಳ್ಕೊಡುಗೆಯ ಪ್ರಾರ್ಥನೆಯ ದಿನ ಕೊನೆಯ ಚರಣ ಮುಗಿಸಿ ನಾನು ಕೈ ಎತ್ತಿ ಪಕ್ಕಕ್ಕೆ ಸರಿದೆ. ಟೀಚರ್‌ಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಕೈ ಚಾಚಿ ಆಮೆನ್ ನುಡಿಸಿದರು. ಗಾಳಿ ನಾನು ಕೊಟ್ಟೆ.

ಈಗ ಸಂಗೀತವೇ ನನ್ನ ಹೊಟ್ಟೆಪಾಡು. ವಾರವೆಲ್ಲ ಮಕ್ಕಳಿಗೆ ಪಿಯಾನೋ ಕಲಿಸುತ್ತೇನೆ, ಭಾನುವಾರ ಸಭೆಯಲ್ಲಿ ನುಡಿಸುತ್ತೇನೆ. ಕವಾಟದ ಸೋರಿಕೆ ಎಂದೋ ನಿಂತಿದೆ. ಈಚಿನ ಎಷ್ಟೋ ಗೀತೆಗಳ ಪುಸ್ತಕಗಳಲ್ಲಿ ಕೊನೆಯ ಆಮೆನ್ ಅಚ್ಚು ಮಾಡುವುದನ್ನೇ ಬಿಟ್ಟಿದ್ದಾರೆ. ನಮ್ಮ ಸಭೆಯ ಪುಸ್ತಕವೂ ಹಾಗೇ. ಗೀತೆ ಮುಗಿದ ತಕ್ಷಣ ಜನ ಕೂತುಬಿಡುತ್ತಾರೆ. ನಾನು ಆಮೇಲೂ ಎರಡು ಸ್ವರಮೇಳ ನುಡಿಸುತ್ತೇನೆ, ಎರಡನೆಯದನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತೇನೆ. ಮುಂದಿನ ಸಾಲಿನವರು ಪಾಪ, ಕೂರಬೇಕೋ ಏಳಬೇಕೋ ತಿಳಿಯದೆ ಅರ್ಧಕ್ಕೆ ನಿಂತು ನನ್ನ ಕಡೆ ನೋಡುತ್ತಿರುತ್ತಾರೆ.