ಹಾಕಿದ ಪಾಯಿಂಟ್ ವಾಪಸ್ ಬರಲ್ಲ

ಅಪ್‌ಡೇಟ್ ಇಳಿಸಿಕೊಂಡು ನಾನಾಡೋ ಆನ್‌ಲೈನ್ ಶೂಟರ್ ಗೇಮ್ ಓಪನ್ ಮಾಡಿದ ರಾತ್ರಿ, ದೂರದಿಂದ ಗುರಿಯಿಟ್ಟು ಹೊಡೆಯೋ ನನ್ನ ಸ್ನೈಪರ್ ಸೊರಗಿ ಹೋಗಿದ್ದ. ಬಂದೂಕು ಅದೇ, ಗುರಿಯೂ ಅದೇ. ಆದರೆ ತಲೆಗೆ ಗುಂಡು ಬಿದ್ದ ಶತ್ರು ಆರಾಮಾಗಿ ತಿರುಗಿ ನನ್ನ ಕಡೆಗೇ ಓಡಿ ಬಂದ. ಪ್ಯಾಚ್ ನೋಟ್ಸ್, ಅಂದರೆ ಅಪ್‌ಡೇಟ್‌ನಲ್ಲಿ ಏನೇನು ಬದಲಾಗಿದೆ ಅನ್ನೋ ಪಟ್ಟಿ, ತೆಗೆದು ನೋಡಿದೆ. ಆಡಿ ಗಳಿಸಿದ ಪಾಯಿಂಟ್ ಹೆಚ್ಚುಕಮ್ಮಿ ಎಲ್ಲಾ ನಾನು ಸುರಿದಿದ್ದ ಸ್ಕಿಲ್ಲನ್ನೇ ಗೇಮ್ ಮಾಡಿದವರು ನರ್ಫ್ ಮಾಡಿದ್ದರು, ಅಂದರೆ ಅದರ ಬಲ ತಗ್ಗಿಸಿದ್ದರು.

ನರ್ಫ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಸ್ಕಿಲ್ ನಿಜಕ್ಕೂ ಅತಿಯಾಗಿತ್ತು. ಅದರಿಂದ ಸತ್ತವರೆಲ್ಲ ನನ್ನನ್ನು ಬೈದುಕೊಂಡಿರುತ್ತಾರೆ. ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಈ ಗೇಮ್‌ನಲ್ಲಿ ಒಮ್ಮೆ ಹಾಕಿದ ಪಾಯಿಂಟ್ ತೆಗೆಯೋಕೆ ಆಗಲ್ಲ. ರೀಸೆಟ್ ಅನ್ನೋದೇ ಇಲ್ಲ. ಅವರು ಬೇಕಾದಾಗ ಸ್ಕಿಲ್ ಬದಲಿಸಬಹುದು, ನಾನು ಮಾತ್ರ ಬದಲಿಸುವ ಹಾಗಿಲ್ಲ.

ಹೆಡ್‌ಸೆಟ್‌ನಲ್ಲಿ ಗೆಳೆಯ ನಗುತ್ತಿದ್ದ. 'ಮಗಾ, ನೀನೇ ತಾನೇ ಆರಿಸಿದ್ದು? ಅನುಭವಿಸು.' ಅವನು ನಮ್ಮ ಗುಂಪಿನ ಮೆಡಿಕ್, ಗಾಯಗೊಂಡವರನ್ನು ಉಳಿಸೋನು. ರೀಸೆಟ್ ಕೊಟ್ಟರೆ ಎಲ್ಲರೂ ಯಾವುದೋ ವಿಡಿಯೋ ನೋಡಿ ಒಂದೇ ಬಿಲ್ಡ್, ಅಂದರೆ ಅದೇ ಸ್ಕಿಲ್‌ಗಳ ಜೋಡಣೆ, ಹಾಕಿಕೊಳ್ಳುತ್ತಾರೆ, ಆಮೇಲೆ ಮೆಡಿಕ್ ಅಂತ ಹೇಳಿಕೊಳ್ಳೋದಕ್ಕೆ ಏನು ಅರ್ಥ ಅಂತ ಅವನ ವಾದ. ಸುಮ್ನೆ ತಳ್ಳಿಹಾಕೋ ಮಾತಲ್ಲ ಅದು. 2000ದಲ್ಲಿ ಬಂದ ಡಯಾಬ್ಲೊ 2 ಶೂಟರ್ ಅಲ್ಲ, ಆದರೆ ಈ ಜಗಳಕ್ಕೆ ಅದೇ ಹಳೇ ಸಾಕ್ಷಿ. ಅದರಲ್ಲಿ ಸ್ಕಿಲ್ ರೀಸೆಟ್ ಸಿಕ್ಕಿದ್ದು 2010ರ 1.13 ಪ್ಯಾಚ್‌ನಲ್ಲಿ. ಅಲ್ಲಿಯವರೆಗೆ ಜನ ಹೊಸ ಕ್ಯಾರೆಕ್ಟರ್ ಮಾಡಿಕೊಂಡೇ ಆಡಿದರು, ಖುಷಿಯಾಗಿಯೇ ಆಡಿದರು.

ಸರಿ, ನಾನೂ ಹೊಸ ಕ್ಯಾರೆಕ್ಟರ್ ಮಾಡಿದೆ. ಲೆವೆಲ್ ಒಂದು.

ಅಲ್ಲಿ ಆಗಿದ್ದು ನೋಡಿ. ಎದುರು ಟೀಮ್‌ನಲ್ಲಿ ಇದ್ದವರೆಲ್ಲ ನಿಜವಾಗಿಯೂ ಹೊಸಬರು. ಗ್ರೆನೇಡ್ ಬಿದ್ದರೆ ಅದರ ಹತ್ತಿರವೇ ನಿಂತು ನೋಡ್ತಾರೆ. ರೀಲೋಡ್ ಮಾಡೋಕೆ ಬಯಲಿನ ಮಧ್ಯೆ ನಿಲ್ತಾರೆ. ನನಗೆ ಮ್ಯಾಪ್ ಬಾಯಿಪಾಠ, ಯಾವ ಮೂಲೆಯಿಂದ ಯಾರು ಬರ್ತಾರೆ ಅಂತ ಕೈಗೇ ಗೊತ್ತು. ಸ್ಕಿಲ್ ಒಂದೂ ಇಲ್ಲದೆ ನಾನೇ ಪಟ್ಟಿಯಲ್ಲಿ ಮೊದಲಿಗ. ಒಬ್ಬ ಆಟಗಾರ ನನ್ನ ಕೈಲಿ ಮತ್ತೆ ಮತ್ತೆ ಸತ್ತು, ಮ್ಯಾಚ್ ಮುಗಿಯೋ ಮುಂಚೆಯೇ ಬಿಟ್ಟು ಹೋದ. ಮಜಾ ಬರಲಿಲ್ಲ, ನನಗೂ ಅವನಿಗೂ.

ರೀಸೆಟ್ ಬೇಡ ಅನ್ನುವವರು ಈ ಕಡೆ ನೋಡೋದೇ ಇಲ್ಲ. ಒಬ್ಬನೇ ಕೂತು ಆಡೋ ಗೇಮ್‌ನಲ್ಲಿ ಮೊದಲಿಂದ ಶುರು ಮಾಡಿದರೆ ಅದರ ಕಷ್ಟ ನನ್ನದು ಮಾತ್ರ. ಆನ್‌ಲೈನ್ ಶೂಟರ್‌ನಲ್ಲಿ ಆ ಕಷ್ಟ ಹೊಸಬರ ತಲೆಗೆ ಬೀಳುತ್ತದೆ. ಗುರಿ, ಮ್ಯಾಪ್, ಅಂದಾಜು ಎಲ್ಲ ಆಟಗಾರನ ಜೊತೆಗೇ ಬರುತ್ತವೆ, ಲೆವೆಲ್ ಒಂದಕ್ಕೆ ಇಳಿಯಲ್ಲ.

ದಾರಿ ಇಲ್ಲ ಅಂತೇನಿಲ್ಲ. 2009ರ ಬಾರ್ಡರ್‌ಲ್ಯಾಂಡ್ಸ್‌ನಲ್ಲಿ ಗೇಮ್‌ನೊಳಗಿನ ದುಡ್ಡು ಕೊಟ್ಟರೆ ಎಲ್ಲಾ ಪಾಯಿಂಟ್ ವಾಪಸ್ ಬರುತ್ತಿದ್ದವು. 2012ರ ಬ್ಲ್ಯಾಕ್ ಆಪ್ಸ್ 2ರಲ್ಲಿ ಪ್ರೆಸ್ಟೀಜ್ ಮಾಡಿದವರಿಗೆ, ಅಂದರೆ ಕೊನೆಯ ಲೆವೆಲ್ ಮುಟ್ಟಿ ಮತ್ತೆ ಒಂದರಿಂದ ಶುರು ಮಾಡಿದವರಿಗೆ, ಬಂದೂಕು ಗಿಂದೂಕು ತೆರೆಯೋಕೆ ಖರ್ಚು ಮಾಡಿದ ಅನ್‌ಲಾಕ್ ಟೋಕನ್‌ಗಳನ್ನು ವಾಪಸ್ ಪಡೆಯುವ ಆಯ್ಕೆ ಇತ್ತು. ಕಿಲ್ಲಿಂಗ್ ಫ್ಲೋರ್ 2 ಇನ್ನೂ ಧಾರಾಳಿ. ಪರ್ಕ್‌ನ (ಮೆಡಿಕ್ ತರಹದ ಪಾತ್ರದ) ಸ್ಕಿಲ್‌ಗಳನ್ನು ಶತ್ರುಗಳ ಒಂದು ಅಲೆ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಬದಲಿಸಿಕೊಳ್ಳಬಹುದು. ಅಲ್ಲಿ ಮೆಡಿಕ್‌ಗೆ ಬೆಲೆ ಕಮ್ಮಿಯಾಗಿದ್ದನ್ನು ನಾನಂತೂ ನೋಡಿಲ್ಲ. ಸಾಯೋ ಹೊತ್ತಿಗೆ ಎಲ್ಲರೂ ಅವನನ್ನೇ ಕೂಗೋದು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಒಪ್ಪಿದ. 'ಮ್ಯಾಚ್ ಮಧ್ಯೆ ಮಾತ್ರ ಬೇಡ' ಅಂದ. ಅದು ನನಗೂ ಬೇಡ. ಎದುರಾಳಿ ಸ್ನೈಪರ್ ಅಂತ ಲೆಕ್ಕ ಹಾಕಿ ಹತ್ತಿರ ಹೋದರೆ ಅವನು ಅಷ್ಟರಲ್ಲಿ ಶಾಟ್‌ಗನ್ ಸ್ಕಿಲ್ ಹಾಕಿಕೊಂಡಿರೋದು ಮೋಸ. ಮ್ಯಾಚ್‌ನ ಹೊರಗೆ ಕೊಡಲಿ. ಗೇಮ್‌ನೊಳಗಿನ ದುಡ್ಡು ಕೇಳಲಿ, ಪರವಾಗಿಲ್ಲ. ಹಾಗಿದ್ದರೆ ಜನ ದಿನಕ್ಕೊಂದು ಬಿಲ್ಡ್ ಹಿಡಿಯಲ್ಲ. ಪ್ಯಾಚ್‌ನಲ್ಲಿ ಅವರೇ ಸ್ಕಿಲ್ ಮುಟ್ಟಿದ್ದರೆ ಮಾತ್ರ ಆ ಪಾಯಿಂಟ್ ಪುಕ್ಕಟೆ ವಾಪಸ್ ಬರಬೇಕು.

ಕೊನೆಗೆ ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ್ದು ಒಂದೇ. ರೀಸೆಟ್ಟನ್ನು ನಿಜವಾದ ದುಡ್ಡಿಗೆ ಮಾರಬಾರದು. ಮಾರಿದರೆ ಪ್ರತಿ ನರ್ಫ್ ಬಂದಾಗಲೂ ಇದು ಸಮತೋಲನಕ್ಕೋ ವ್ಯಾಪಾರಕ್ಕೋ ಅಂತ ನಾವು ಯೋಚಿಸ್ತಾ ಕೂರಬೇಕಾಗುತ್ತೆ, ಅಲ್ವಾ?